ಸೂಳೆಕೆರೆ ದಂಡೆಯಲ್ಲಿ ಎರಡು ಸಾವಿರದ ರೀಲು

ಸೋಮವಾರ ಆಫೀಸಿನಲ್ಲಿ ಯಾರಾದರೂ ‘ವೀಕೆಂಡ್ ಎಲ್ಲಿಗೆ ಹೋಗಿದ್ದೆ?’ ಅಂತ ಕೇಳಿದರೆ ‘ಶಾಂತಿಸಾಗರ’ ಅನ್ನುತ್ತೇನೆ. ದಾವಣಗೆರೆಯಲ್ಲಿ ಅದೇ ಪ್ರಶ್ನೆಗೆ ‘ಸೂಳೆಕೆರೆ’ ಅಂದರೇನೇ ಅರ್ಥವಾಗೋದು. ಬೋರ್ಡಿನ ಮೇಲಿರೋ ಹೆಸರು ಒಂದು, ಜನರ ಬಾಯಲ್ಲಿರೋದು ಇನ್ನೊಂದು. ಕಥೆ ಗೊತ್ತಾದ ಮೇಲೆ ಎರಡನೇ ಹೆಸರಲ್ಲಿ ಮುಜುಗರಪಡುವಂಥದ್ದೇನೂ ನನಗೆ ಕಾಣಲಿಲ್ಲ. ವಿಕ್ರಮರಾಯ ಅನ್ನೋ ರಾಜನ ಮಗಳು ಶಾಂತವ್ವ ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಲು ಹೊರಟಳಂತೆ. ನೀರು ನಿಲ್ಲಬೇಕಾದ ಜಾಗದಲ್ಲಿ ಸೂಳೆಯರ ಕೇರಿ ಇತ್ತಂತೆ. ‘ಜಾಗ ಬಿಟ್ಟುಕೊಡ್ತೀವಿ, ಆದರೆ ಕೆರೆಗೆ ನಮ್ಮ ಹೆಸರೇ ಇರಬೇಕು’ ಅಂದರಂತೆ ಅವರು. ಮನೆ ಮುಳುಗಿಸಿಕೊಂಡವರು ಹೆಸರನ್ನಾದರೂ ಉಳಿಸಿಕೊಂಡರು. ಇವತ್ತಿನ ಎಷ್ಟೋ ಡ್ಯಾಮುಗಳಲ್ಲಿ ಅದೂ ಆಗಿಲ್ಲ.

ನಾನು ಹೇಳಹೊರಟಿರೋದು ಈ ಕೆರೆಗೆ ತಗೊಂಡು ಹೋದ ಎರಡು ಮೀನಿನ ರೀಲುಗಳ ಕಥೆ. ಮೊದಲನೆಯದು ನನ್ನ ಮಾನ ಕಳೆಯಿತು.

ನಮ್ಮ ದೊಡ್ಡಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಮಗ್ಗದ ವಿಭಾಗದಲ್ಲಿದ್ದವರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ವಾರದ ರಜೆ ಬಂದರೆ ಸೈಕಲ್ಲೋ, ಯಾರದ್ದೋ ಲಾರಿಯೋ ಹಿಡಿದು ಸೂಳೆಕೆರೆಗೆ ಹೋಗೋರು. ಸಾಮಾನು ಅಂದರೆ ಹಾಲಿನ ಪುಡಿಯ ಖಾಲಿ ಡಬ್ಬಿಗೆ ಸುತ್ತಿದ ಟಂಗೂಸಿ ದಾರ, ಒಂದು ಸೀಸದ ಗುಂಡು, ಗಾಳ, ಎರೆಹುಳು. ದಾರದ ತುದಿ ಗಿರಗಿರ ತಿರುಗಿಸಿ ಎಸೆದರೆ ಡಬ್ಬಿಯಿಂದ ದಾರ ತಾನೇ ಬಿಚ್ಚಿಕೊಂಡು ಹೋಗೋದು. ಎರಡು ವರ್ಷದ ಹಿಂದೆ ಅವರಿಗೆ ಲಕ್ವ ಹೊಡೆಯಿತು. ನಡೆಯೋದು ಪರವಾಗಿಲ್ಲ, ಬಲಗೈ ಮಾತ್ರ ಸೋತಿದೆ. ಡಬ್ಬಿ ಹಿಡಿಯೋಕೂ ಆಗಲ್ಲ, ಎಸೆಯೋಕೂ ಆಗಲ್ಲ. ಮನೆಯಲ್ಲಿ ಕೂತು ಟಿವಿ ನೋಡ್ತಾರೆ. ಅದನ್ನು ನೋಡೋಕೆ ನನಗೆ ಆಗ್ತಿರಲಿಲ್ಲ, ಅದಕ್ಕೇ ಕಳೆದ ದೀಪಾವಳಿಗೆ ಆನ್‌ಲೈನಲ್ಲಿ ಒಂದು ‘ಕಾಂಬೋ’ ತರಿಸಿದೆ. ಕೋಲು, ರೀಲು, ದಾರ, ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳ ಡಬ್ಬಿ, ಎಲ್ಲ ಸೇರಿ ಒಂಬೈನೂರು ರೂಪಾಯಿ. ರೀಲಿನ ಮೇಲೆ ‘13 ಬಾಲ್ ಬೇರಿಂಗ್’ ಅಂತ ಚಿನ್ನದ ಬಣ್ಣದಲ್ಲಿ ಬರೆದಿತ್ತು. ಎಂಜಿನಿಯರಿಂಗ್ ಓದಿದವನು ನಾನು. ಆ ಬೆಲೆಗೆ 13 ಒಳ್ಳೆ ಬೇರಿಂಗ್ ಹೇಗೆ ಬರುತ್ತೆ ಅಂತ ಒಂದು ನಿಮಿಷ ಯೋಚನೆ ಮಾಡಬೇಕಿತ್ತು.

ಬೆಳಗ್ಗೆ ಐದಕ್ಕೇ ಕಾರಿನಲ್ಲಿ ಹೊರಟೆವು. ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟ, ಭತ್ತದ ಗದ್ದೆ ದಾಟಿ ಕೆರೆಬಿಳಚಿ ಕಡೆಯಿಂದ ಹೋದರೆ ಒಂದು ಹಂತದಲ್ಲಿ ಗುಡ್ಡಗಳ ನಡುವೆ ಇದ್ದಕ್ಕಿದ್ದಂತೆ ನೀರು ಕಾಣುತ್ತದೆ. ಮೊದಲ ಸಲ ನೋಡಿದವರು ಕೆರೆ ಅಂದರೆ ನಂಬೋದಿಲ್ಲ. 6,550 ಎಕರೆ, ಸುತ್ತಳತೆ ಹತ್ತಿರಹತ್ತಿರ 50 ಕಿಲೋಮೀಟರ್. ಏಷ್ಯಾದಲ್ಲೇ ಎರಡನೆಯದು ಅನ್ನೋ ಮಾತನ್ನು ನಮ್ಮ ಕಡೆ ಪ್ರತಿ ಮಗುವೂ ಹೇಳುತ್ತದೆ. ಆ ಲೆಕ್ಕದ ಜಗಳಕ್ಕೆ ನಾನು ಹೋಗಲ್ಲ. ನನಗೆ ಆಶ್ಚರ್ಯ ಹುಟ್ಟಿಸೋದು ಏರಿ. ಇಷ್ಟು ನೀರು ತಡೆದಿರೋ ಏರಿ ಕಿಲೋಮೀಟರುಗಟ್ಟಲೆ ಉದ್ದ ಇರಬೇಕು ಅಂದುಕೊಳ್ಳುತ್ತೇವೆ. ಇಲ್ಲ, ಸಾವಿರ ಅಡಿಯೂ ಇಲ್ಲ. ಹರಿದ್ರಾ ಹಳ್ಳ ಎರಡು ಗುಡ್ಡಗಳ ನಡುವೆ ಕಿರಿದಾಗಿ ನುಗ್ಗೋ ಕಡೆ ಹುಡುಕಿ, ಅಲ್ಲಿಗೇ ಅಡ್ಡ ಕಟ್ಟಿದ್ದಾರೆ. ಎರಡೂ ಕಡೆ ಸಿದ್ಧನಾಲೆ, ಬಸವನಾಲೆ. ಆ ಜಾಗ ಆರಿಸಿದವರು ಯಾರೋ, ಅವರಿಗೆ ಕಡಿಮೆ ಖರ್ಚಿನಲ್ಲಿ ಎಲ್ಲಿ ಗಟ್ಟಿ ಇರಬೇಕು ಅನ್ನೋದು ಚೆನ್ನಾಗಿ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ದಂಡೆಯಲ್ಲಿ ಕುರ್ಚಿ ಹಾಕಿ ದೊಡ್ಡಪ್ಪನನ್ನು ಕೂರಿಸಿ, ರೀಲು ಕೈಗೆ ಕೊಟ್ಟೆ. ಎಡಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ದಾರದ ತುದಿ ಹಿಡಿದು ಎಳೆದರು.

‘ಏನಲೇ ಇದು, ಲಾಳಿ ಒಳಗಿನ ಕಂಡಿಕೆ ಇದ್ದಂಗೈತಿ!’ ಅಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ಮಗ್ಗದಲ್ಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಹಾರುವಾಗ ಅದರೊಳಗಿನ ಕಂಡಿಕೆ ತಿರುಗೋದಿಲ್ಲ. ನೂಲು ಕಂಡಿಕೆಯ ತುದಿಯಿಂದ ಸುರುಳಿಯಾಗಿ ಜಾರಿ ಬರುತ್ತದೆ. ತಿರುಗಿದ್ದರೆ ಲಾಳಿ ನಿಂತ ಕೂಡಲೇ ಕಂಡಿಕೆ ಇನ್ನೂ ತಿರುಗುತ್ತಾ ನೂಲು ಸಿಕ್ಕಾಗೋದು. ಸ್ಪಿನ್ನಿಂಗ್ ರೀಲೂ ಅಷ್ಟೇ. ಎಸೆಯುವಾಗ ಸ್ಪೂಲ್ ಅಲ್ಲಾಡದೆ ಕೂತಿರುತ್ತದೆ, ದಾರ ಮಾತ್ರ ತುದಿಯಿಂದ ಜಾರುತ್ತದೆ. ಅವರ ಹಾಲಿನ ಪುಡಿ ಡಬ್ಬಿಯೂ ಅದನ್ನೇ ಮಾಡುತ್ತಿತ್ತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಹುಡುಕಿ ನೋಡಿದೆ. ಈ ನಮೂನೆಯ ರೀಲಿಗೆ 1905ರಲ್ಲಿ ಪೇಟೆಂಟ್ ತಗೊಂಡವನು ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್. ಇಂಗ್ಲೆಂಡಿನ ಬ್ರಾಡ್‌ಫೋರ್ಡ್‌ನವನು, ಉಣ್ಣೆ ಗಿರಣಿಯವರ ಮನೆತನ! ಬಾಬಿನ್‌ನಿಂದ ನೂಲು ಜಾರೋದನ್ನು ನೋಡೇ ಅವನಿಗೆ ಇದು ಹೊಳೆದಿದ್ದು ಅನ್ನುತ್ತಾರೆ. ಮಿಲ್ಲಿನ ಕಣ್ಣಿಗೆ ಬೇಕಾಗಿದ್ದು ಒಂದು ನಿಮಿಷ.

ಆದರೆ ಆವತ್ತು ದಂಡೆಯಲ್ಲಿ ಆಗಿದ್ದು ಬೇರೆ. ಎಂಟು ಗಂಟೆ ಹೊತ್ತಿಗೆ ಕೋಲು ಬಾಗಿತು. ದೊಡ್ಡಪ್ಪ ಹಿಡಿ ತಿರುಗಿಸಿದರು, ಅದು ಮುಂದಕ್ಕೆ ಎರಡು ಸುತ್ತು ಹೋಗಿ ಹಿಂದಕ್ಕೆ ಒಂದು ಸುತ್ತು ಜಾರಿತು. ನಾನು ಡ್ರ್ಯಾಗ್ ತಿರುಪು ಸಡಿಲ ಮಾಡಲು ಹೋದೆ. ಒಂದು ಕ್ಷಣ ಕಚ್ಚಿಕೊಂಡಿತ್ತು, ಮರುಕ್ಷಣ ಪೂರ್ತಿ ಬಿಟ್ಟುಕೊಂಡಿತು, ದಾರ ಸ್ಪೂಲಿನ ಕೆಳಗಿನ ಸಂದಿಗೆ ಹೋಗಿ ಸಿಕ್ಕಿಹಾಕಿಕೊಂಡಿತು. ಟಪ್. ಕೋಲು ನೆಟ್ಟಗಾಯಿತು.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಗಾಳ ನುಂಗಿಕೊಂಡು ಹೋತಲ್ಲೋ. ಎಷ್ಟು ದಿನ ಒದ್ದಾಡ್ತೈತೋ ಏನೋ’ ಅಂದರು. ಮೀನು ಹೋಗಿದ್ದಕ್ಕೆ ಅವರಿಗೆ ಬೇಜಾರಿರಲಿಲ್ಲ. ನನಗೆ ಆ ಮಾತು ವಾರಗಟ್ಟಲೆ ಕಿವಿಯಲ್ಲಿತ್ತು.

ಎರಡನೇ ರೀಲು ಕೊಳ್ಳುವಾಗ ಅದಕ್ಕೇ ಪ್ರೊಡಕ್ಷನ್ ಸರ್ವರ್ ಆರಿಸುವಷ್ಟು ತಲೆ ಕೆಡಿಸಿಕೊಂಡೆ. ಬಜೆಟ್ ಎರಡು ಸಾವಿರ. ಕಲಿತದ್ದರಲ್ಲಿ ಮುಖ್ಯವಾದದ್ದು, ಬೇರಿಂಗ್ ಎಣಿಸಬೇಡಿ. ಒಳ್ಳೆಯ ಮೂರು ನಾಲ್ಕು ಸಾಕು. ಕಡಿಮೆ ಬೆಲೆಯ ರೀಲಿನಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಬೇರೆ ಯಾವುದರಲ್ಲೋ ಉಳಿಸಿದ್ದಾರೆ ಅಂತಲೇ ಅರ್ಥ. ಸಾಮಾನ್ಯವಾಗಿ ಗೇರಿನಲ್ಲಿ, ಇಲ್ಲಾ ಡ್ರ್ಯಾಗಿನಲ್ಲಿ.

ಡ್ರ್ಯಾಗ್ ಅಂದರೆ ಬೈಕಿನ ಕ್ಲಚ್ ಇದ್ದ ಹಾಗೆ. ಒಂದರ ಮೇಲೊಂದು ಕೂತ ಬಿಲ್ಲೆಗಳು. ಮೀನು ದಾರದ ಶಕ್ತಿ ಮೀರಿ ಎಳೆಯೋ ಮೊದಲೇ ಅವು ಜಾರಿ ಸ್ಪೂಲನ್ನು ತಿರುಗಲು ಬಿಡಬೇಕು, ದಾರ ಹೋಗಬೇಕು, ಆದರೆ ಭಾರದಲ್ಲೇ ಹೋಗಬೇಕು. ಕೆಟ್ಟ ಡ್ರ್ಯಾಗ್ ಕಚ್ಚಿ ಕಚ್ಚಿ ಬಿಡುತ್ತದೆ, ಹೊಸಬನು ಕ್ಲಚ್ ಬಿಟ್ಟ ಹಾಗೆ. ದಾರ ಹರಿಯೋದು ಆ ಜರ್ಕಿನಲ್ಲೇ. ಕೈಯಲ್ಲಿ ಬಲ ಇರೋರು ಕೋಲು ಬಗ್ಗಿಸಿ ಹೇಗೋ ಸಂಭಾಳಿಸುತ್ತಾರೆ. ದೊಡ್ಡಪ್ಪನಿಗೆ ಆ ಕೆಲಸವನ್ನು ರೀಲೇ ಮಾಡಬೇಕಿತ್ತು.

ಹಾಗಾಗಿ ಈ ಸಲ ಅಂಗಡಿಗೇ ಹೋಗಿ ಕೈಯಲ್ಲಿ ಹಿಡಿದು ನೋಡಿದೆ. ನೀವೂ ಹಾಗೇ ಮಾಡಿ. ಡ್ರ್ಯಾಗ್ ಸಡಿಲ ಮಾಡಿ ಸ್ಪೂಲಿನಿಂದ ದಾರ ನಿಧಾನಕ್ಕೆ ಎಳೆಯಿರಿ, ಬೆಣ್ಣೆಯಲ್ಲಿ ಎಳೆದ ಹಾಗೆ ಒಂದೇ ಸಮ ಬರಬೇಕು. ಹಿಡಿಯನ್ನು ಹಿಂದಕ್ಕೆ ತಿರುಗಿಸಿ, ಕೂಡಲೇ ಟಕ್ ಅಂತ ನಿಲ್ಲಬೇಕು. ಕಾಲು ಸುತ್ತು ಜಾರಿ ನಿಂತರೂ ಬೇಡ. ದಾರ ಸುತ್ತೋ ತಂತಿ ಬಳೆಗೆ ಬೇಲ್ ಅನ್ನುತ್ತಾರೆ. ಅದರ ಬುಡದಲ್ಲಿ ಸಣ್ಣ ಉರುಳೆ ಇರುತ್ತದೆ, ಬೆರಳಲ್ಲಿ ತಳ್ಳಿದರೆ ಉರುಳಬೇಕು. ಉರುಳದಿದ್ದರೆ ದಾರ ಅಲ್ಲೇ ಉಜ್ಜಿ ಸವೆಯುತ್ತದೆ. ಬಾಡಿ ಗ್ರಾಫೈಟ್ ಆದರೆ ಚಿಂತೆಯಿಲ್ಲ, ಕೆರೆಯ ಸಿಹಿನೀರಿಗೆ ಸಾಕು, ಹಗುರವಾಗಿಯೂ ಇರುತ್ತದೆ. ಶಿಮಾನೋ, ಡೈವಾ, ಓಕುಮಾ ಇವರೆಲ್ಲರ ತೀರಾ ಕೆಳಗಿನ ಮಾಡೆಲ್‌ಗಳನ್ನು ತಿರುಗಿಸಿ ನೋಡಿದೆ. ಚಿನ್ನದ ಬಣ್ಣ ಯಾವುದರಲ್ಲೂ ಇರಲಿಲ್ಲ. ಮೂರರಲ್ಲಿ ಒಂದನ್ನು 1,950ಕ್ಕೆ ತಗೊಂಡೆ. (ಶಿಮಾನೋ ಅಂದರೆ ನಿಮ್ಮ ಗೇರ್ ಸೈಕಲ್ಲಿನ ಅದೇ ಕಂಪನಿ. ಸೈಕಲ್ ಬಿಡಿಭಾಗದಿಂದ ಶುರು ಮಾಡಿ ಆಮೇಲೆ ರೀಲಿಗೆ ಬಂದವರು.)

ಅಳತೆ 2500. ಇದು ಸ್ಪೂಲಿನ ಗಾತ್ರದ ನಂಬರು. ಕೆರೆಯ ಜಿಲೇಬಿ, ರೋಹು, ಮಧ್ಯಮ ಗಾತ್ರದ ಕಾಟ್ಲಾಗಳಿಗೆ 2500 ಅಥವಾ 3000 ಧಾರಾಳ. ಅಂಗಡಿಯವನು 6000 ತೋರಿಸಿದ, ‘ದೊಡ್ಡ ಮೀನಿಗೆ ಸರ್’ ಅಂತ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಅಂಥದ್ದಕ್ಕೆ ಹೊರಟಿದ್ದರೆ ತಗೋಬಹುದಿತ್ತು. ನಮಗೆ ಬೇಕಿದ್ದದ್ದು ಎಡಗೈ ಸುಸ್ತಾಗದಂಥದ್ದು.

ಎಡಗೈ ಅಂದೆನಲ್ಲ, ಅದರಲ್ಲಿ ಒಂದು ತಮಾಷೆ. ಇಂಥ ರೀಲುಗಳ ಹಿಡಿಯನ್ನು ಯಾವ ಕಡೆ ಬೇಕಾದರೂ ಹಾಕಿಕೊಳ್ಳಬಹುದು ಅಂತ ಓದಿ, ಅದನ್ನು ಎಡಕ್ಕೆ ಬದಲಾಯಿಸೋದು ಹೇಗೆ ಅಂತ ಎರಡು ವಿಡಿಯೋ ನೋಡಿದ್ದೆ. ಡಬ್ಬ ತೆರೆದರೆ ಹಿಡಿ ಎಡಕ್ಕೇ ಇತ್ತು. ಬಲಗೈ ಬಳಸೋರು ಬಲಗೈಯಲ್ಲಿ ಎಸೆದು, ಕೋಲನ್ನು ಅದೇ ಕೈಯಲ್ಲಿ ಹಿಡಿದು, ಎಡಗೈಯಲ್ಲಿ ಸುತ್ತುತ್ತಾರಂತೆ. ಎಲ್ಲರಿಗೂ ಮಾಡಿದ್ದೇ ದೊಡ್ಡಪ್ಪನಿಗೂ ಸರಿಹೋಯಿತು.

ಜನವರಿಯಲ್ಲಿ ಮತ್ತೆ ಹೋದೆವು. ಹೊಸದಾಗಿ ಹೋಗೋರಿಗೆ ಒಂದು ಮಾತು. ದೊಡ್ಡ ಕೆರೆಗಳಲ್ಲಿ ಮೀನು ಹಿಡಿಯೋ ಹಕ್ಕನ್ನು ಗುತ್ತಿಗೆಗೆ ಕೊಡುತ್ತಾರೆ. ನೀರು ಎಲ್ಲರದ್ದು ಅನಿಸಬಹುದು, ಮೀನಿನ ಮರಿ ಬಿಡೋಕೆ ದುಡ್ಡು ಹಾಕಿದವರು, ಬಲೆ ಬಿಟ್ಟು ಹೊಟ್ಟೆ ಹೊರೆಯೋರು ಅಲ್ಲೇ ಇದ್ದಾರೆ. ನಾವು ಮೊದಲು ಅವರ ಹತ್ತಿರ ಹೋಗಿ ಕೇಳಿದೆವು. ದೊಡ್ಡಪ್ಪನ ಕೈ ನೋಡಿ, ಬಲೆ ಇಲ್ಲದ ಕಡೆ ಅವರೇ ಜಾಗ ತೋರಿಸಿದರು. ತೂಬಿನ ಹತ್ತಿರ ಹೋಗಲೇಬೇಡಿ ಅಂತಲೂ ಹೇಳಿದರು. ಚಿತ್ರದುರ್ಗದವರೆಗೆ ಕುಡಿಯೋ ನೀರು ಹೋಗೋ ಕೆರೆ ಇದು, ಪ್ಲಾಸ್ಟಿಕ್, ತುಂಡಾದ ಟಂಗೂಸಿ ಏನನ್ನೂ ಬಿಟ್ಟು ಬರಬೇಡಿ.

ಡ್ರ್ಯಾಗ್ ಎಷ್ಟು ಬಿಗಿ ಇರಬೇಕು? ದಾರ ತಡೆಯೋ ಭಾರದ ಕಾಲು ಭಾಗ ಅನ್ನೋದು ಒಂದು ಲೆಕ್ಕ. ನಮ್ಮದು 10 ಪೌಂಡಿನ ದಾರ, ಅಂದರೆ ನಾಲ್ಕೂವರೆ ಕೆಜಿ. ಕಾಲು ಭಾಗ ಒಂದು ಕೆಜಿ ಚಿಲ್ಲರೆ. ತಕ್ಕಡಿ ಎಲ್ಲಿಂದ ತರೋದು ಅಂತ ನಾನು ಯೋಚಿಸುತ್ತಿದ್ದರೆ ದೊಡ್ಡಪ್ಪ ನೀರಿನ ಬಾಟಲ್ ತೋರಿಸಿದರು. ಒಂದು ಲೀಟರ್, ಒಂದು ಕೆಜಿ. ದಾರದ ತುದಿಗೆ ಕಟ್ಟಿ ಎತ್ತಿದೆ. ಬಾಟಲ್ ಅಲ್ಲಾಡದೆ ಮೇಲೆ ಬರಬೇಕು, ಕೊಂಚ ಜಗ್ಗಿದರೆ ದಾರ ಜಾರಬೇಕು, ಅಲ್ಲಿಗೆ ತಿರುಪು ನಿಲ್ಲಿಸಿದೆ.

ತೌಡು, ಮೈದಾ, ಬೆಲ್ಲ ಕಲಸಿದ ಉಂಡೆ ಗಾಳಕ್ಕೆ. ನಾನು ಎಸೆದು, ಕೋಲನ್ನು ನೆಲಕ್ಕೆ ನೆಟ್ಟ ಕವೆಕೋಲಿಗೆ ಒರಗಿಸಿ, ಬುಡವನ್ನು ದೊಡ್ಡಪ್ಪನ ತೊಡೆ ಕೆಳಗೆ ಸಿಕ್ಕಿಸಿದೆ. ಅವರ ಎಡಗೈ ಹಿಡಿಯ ಮೇಲೆ. ಎರಡು ಗಂಟೆಯಲ್ಲಿ ಮೂರು ಜಿಲೇಬಿ ಬಂದವು, ಅಂಗೈ ಅಗಲದ್ದು. ಆಮೇಲೆ ಏನೂ ಇಲ್ಲ. ಬಿಸಿಲೇರಿತು. ನಾನು ಫೋನ್ ನೋಡುತ್ತಿದ್ದೆ.

ರೀಲು ಕಿರ್ರ್ ಅಂದಿತು. ಸ್ಪೂಲ್ ತಿರುಗುತ್ತಿತ್ತು, ದಾರ ಹೋಗುತ್ತಲೇ ಇತ್ತು, ಜರ್ಕ್ ಇಲ್ಲದೆ. ‘ದೊಡ್ಡಪ್ಪ, ಸುತ್ತಬೇಡಿ, ಹೋಗಲಿ ಬಿಡಿ’ ಅಂದೆ. ದಾರ ಹೋಗುವಾಗ ಸುತ್ತಿದರೆ ಮೀನು ಬರಲ್ಲ, ದಾರ ಮುರುಕು ತಿರುಗಿ ಆಮೇಲೆ ಗಂಟಾಗುತ್ತದೆ.

‘ನನಗೇ ಹೇಳ್ತೀಯೇನಲೇ’ ಅಂದರು. ದಾರ ನಿಂತಿತು. ಅವರು ನಾಲ್ಕು ಸುತ್ತು ಸುತ್ತಿದರು. ಮತ್ತೆ ಕಿರ್ರ್. ಮತ್ತೆ ನಾಲ್ಕು. ಸೋತ ಬಲಗೈಯನ್ನೂ ತಂದು ಕೋಲಿನ ಮೇಲೆ ಇಟ್ಟರು, ಅದು ಸುಮ್ಮನೆ ಅಲ್ಲಿ ಇತ್ತು ಅಷ್ಟೇ. ಹತ್ತು ನಿಮಿಷವಾದರೂ ಆಗಿರಬೇಕು. ನಾನು ಹೂಳಿನಲ್ಲಿ ಮೊಣಕಾಲವರೆಗೆ ಇಳಿದು ಎರಡೂ ಕೈಯಲ್ಲಿ ಬಾಚಿಕೊಂಡೆ. ರೋಹು, ಎರಡು ಕೆಜಿಗೆ ಕಮ್ಮಿಯಿರಲಿಲ್ಲ. ಗಾಳ ತುಟಿಯ ಅಂಚಿನಲ್ಲಿ ಸಿಕ್ಕಿಕೊಂಡಿತ್ತು, ನುಂಗಿರಲಿಲ್ಲ. ದೊಡ್ಡಪ್ಪ ಅದನ್ನೇ ಮೊದಲು ಕೇಳಿದ್ದು.

ಮೀನನ್ನು ಜಾಗ ತೋರಿಸಿದವರ ಹತ್ತಿರ ಒಯ್ದು ತೋರಿಸಿ, ದುಡ್ಡು ಕೊಟ್ಟು ತಂದೆವು. ರಾತ್ರಿ ದೊಡ್ಡಮ್ಮ ಸಾರು ಮಾಡಿದರು. ಊಟ ಆದ ಮೇಲೆ ನಾನು ರೀಲಿನ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇಲಿನ ಉರುಳೆಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ಹನಿ ಬಿಟ್ಟೆ. ದೊಡ್ಡಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದರು.

‘ಎಷ್ಟು ಬಿತ್ತು ಇದಕ್ಕೆ?’

‘ಐನೂರು, ದೊಡ್ಡಪ್ಪ.’

‘ಡಬ್ಬದ ಮ್ಯಾಲೆ ಬರ್ದೈತಿ ಕಣಲೇ’ ಅಂದರು. ‘ಇಲ್ಲೇ ಇಟ್ಟೋಗು. ಬೆಂಗಳೂರಾಗೆ ಎಲ್ಲೈತಿ ನಿಂಗೆ ಕೆರೆ.’