ಸುಮ್ನೆ ಓಡೋ ಕುದುರೆ

ಕುದುರೆಗೆ ವ್ಯಾಯಾಮ ಬೇಕು ಅಂದ್ರೆ ಏನು ಮಾಡ್ತೀರಿ? ಮೇಲೆ ಕೂತು ಓಡಿಸ್ತೀರಿ. ಕುದುರೆ ನಿಮ್ಮ ಸೊಂಟದಷ್ಟೇ ಎತ್ತರ ಇದ್ದರೆ? ಹಗ್ಗ ಹಿಡಿದು ಜೊತೆಗೆ ಓಡಬೇಕು. ಓಡಬೇಕಾದವರಿಗೆ ಎಪ್ಪತ್ತು ದಾಟಿ ಮಂಡಿನೋವು ಬೇರೆ ಇದ್ದರೆ? ಅಮೆರಿಕದ ಹಳ್ಳಿಗಾಡಲ್ಲಿ ಇದಕ್ಕೊಂದು ಉತ್ತರ ಇದೆ: ಗಾಲ್ಫ್ ಕಾರ್ಟ್.

ನನ್ನ ಆಫೀಸು ಟೆಕ್ಸಾಸ್‌ನ ಪ್ಲೇನೋದಲ್ಲಿ. ಬಾಡಿಗೆ ಕಡಿಮೆ ಅಂತ ಮನೆ ಮಾಡಿದ್ದು ಅಲ್ಲಿಂದ ಉತ್ತರಕ್ಕೆ, ಡೆಂಟನ್ ಕೌಂಟಿಯಲ್ಲಿ. ಕುದುರೆ ಫಾರ್ಮುಗಳಿಗೆ ಹೆಸರಾದ ಜಾಗ ಅದು. ನಮ್ಮ ಲೇಔಟು ಮುಗಿಯೋ ಬೇಲಿಯಾಚೆ ಒಬ್ಬ ಅಜ್ಜಿಯ ಐದೆಕರೆ ಜಮೀನು. ಅದರಲ್ಲಿ ಬಿಸ್ಕೆಟ್ ಮತ್ತು ಪೆಪ್ಪರ್ ಅನ್ನೋ ಎರಡು ಮಿನಿಯೇಚರ್ ಕುದುರೆಗಳು. ಪ್ರತಿ ಶನಿವಾರ ಬೆಳಗ್ಗೆ ಅಜ್ಜಿ ಕಾರ್ಟ್ ಓಡಿಸ್ತಾರೆ, ನಾನು ಪಕ್ಕದ ಸೀಟಲ್ಲಿ ಕೂತು ಹಗ್ಗ ಹಿಡೀತೀನಿ. ಇಂಜಿನಿಯರಿಂಗ್ ಓದಿದ್ದು ಇದಕ್ಕೇನಾ ಅಂತ ಹೆಂಡತಿ ಕೇಳ್ತಾಳೆ.

ಇವು ಕುದುರೆ ಮರಿ ಅಲ್ಲ, ಪೂರ್ತಿ ಬೆಳೆದ ಕುದುರೆಗಳೇ. 1978ರಲ್ಲಿ ಶುರುವಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ನಿನ ಲೆಕ್ಕದಲ್ಲಿ ಎತ್ತರ 34 ಇಂಚು ಮೀರಬಾರದು. ಅಳೆಯೋದು ಕತ್ತಿನ ಜೂಲು ಮುಗಿಯುವ ಕಡೆಯ ಕೂದಲಿನ ಹತ್ತಿರ. ದೊಡ್ಡವರು ಮೇಲೆ ಕೂರೋ ಹಾಗಿಲ್ಲ, ಪುಟ್ಟ ಮಕ್ಕಳನ್ನು ಕೂರಿಸಬಹುದು, ಹಗುರವಾದ ಗಾಡಿಗೆ ಹೂಡಬಹುದು ಅಷ್ಟೆ. ಇವುಗಳ ಪೂರ್ವಜರಲ್ಲಿ ಶೆಟ್ಲೆಂಡ್ ಪೋನಿಗಳೂ ಇವೆ. ಸ್ಕಾಟ್ಲೆಂಡಿನಾಚೆಯ ಆ ದ್ವೀಪಗಳಲ್ಲಿ ಗಾಳಿ ಜಾಸ್ತಿ, ಮೇವು ಕಡಿಮೆ. ಇದ್ದ ಒಂದಿಷ್ಟು ಹುಲ್ಲಲ್ಲೇ ಬದುಕಿ ಉಳಿದ ತಳಿ. 1842ರಲ್ಲಿ ಬ್ರಿಟನ್ನಿನ ಕಾನೂನು ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಗಣಿಯೊಳಗೆ ದುಡಿಸಬಾರದು ಅಂದಮೇಲೆ ಕಲ್ಲಿದ್ದಲ ಬಂಡಿ ಎಳೆಯೋಕೆ ಈ ಪೋನಿಗಳಿಗೆ ಬೇಡಿಕೆ ಹೆಚ್ಚಿತು.

ಅಂದ್ರೆ ಅರೆಹೊಟ್ಟೆಗೂ ದುಡಿಮೆಗೂ ಒಗ್ಗಿದ ಮೈ. ಈಗ ಆ ಮೈಗೆ ಟೆಕ್ಸಾಸಿನ ಹಸಿರು ಹುಲ್ಲು ಸಿಕ್ಕಿದೆ, ದುಡಿಮೆ ಹೋಗಿದೆ. ತಿಂದದ್ದೆಲ್ಲ ಕೊಬ್ಬು. ಕತ್ತಿನ ಮೇಲ್ಭಾಗ ಗಟ್ಟಿಯಾಗಿ ಉಬ್ಬುತ್ತೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಕೊನೆಗೆ ಲ್ಯಾಮಿನೈಟಿಸ್ ಬರಬಹುದು. ಗೊರಸಿನೊಳಗೆ ಮೂಳೆಯನ್ನು ಹಿಡಿದಿಟ್ಟಿರೋ ಪದರ ಊದಿಕೊಂಡು, ನಿಲ್ಲೋದೇ ನರಕವಾಗುತ್ತೆ. ಬಿಸ್ಕೆಟ್‌ಗೆ ಎರಡು ವರ್ಷದ ಹಿಂದೆ ಆಗಿತ್ತಂತೆ. ಆಗ ಓಡಿಸೋ ಮಾತೇ ಇಲ್ಲ, ಬರೀ ವಿಶ್ರಾಂತಿ. ವಾಸಿಯಾಗಿ, ಡಾಕ್ಟ್ರು ಹೂಂ ಅಂದಮೇಲೇ ಕಾರ್ಟು.

ಕಾರ್ಟಿನ ಕ್ರಮ ಹೀಗೆ. ಬ್ಯಾಟರಿ ಗಾಡಿ, ಸದ್ದಿಲ್ಲ. ಆದರೂ ಮೊದಲ ಕೆಲವು ದಿನ ನಿಂತ ಗಾಡಿಯನ್ನು ಮೂಸೋಕೆ ಬಿಡ್ತಾರೆ. ಆಮೇಲೆ ನಡಿಗೆ, ನಡಿಗೆ ರೂಢಿಯಾದಮೇಲೆ ದುಡುಕಿ ಓಟ. ಒಂದು ಸಲಕ್ಕೆ ಒಂದೇ ಕುದುರೆ, ಅದು ನಮ್ಮ ಭುಜದ ನೇರಕ್ಕೇ ಬರಬೇಕು. ಮುಂದೆ ಹೋದ್ರೆ ಚಕ್ರಕ್ಕೆ ಸಿಗುತ್ತೆ, ಹಿಂದೆ ಬಿದ್ರೆ ಎಳೆದ ಹಾಗಾಗುತ್ತೆ. ಹಗ್ಗವನ್ನು ಗಾಡಿಗೆ ಕಟ್ಟೋ ಹಾಗೇ ಇಲ್ಲ, ಕೈಗೆ ಸುತ್ತಿಕೊಳ್ಳೋ ಹಾಗೂ ಇಲ್ಲ. ಬೆದರಿದ ಕ್ಷಣ ಬಿಟ್ಟುಬಿಡಬೇಕು. ಡಾಂಬರ್ ರಸ್ತೆ ಬೇಡ, ಕಾಲಿಗೆ ಪೆಟ್ಟು. ಹುಲ್ಲು ಅಥವಾ ಮಣ್ಣಿನ ಮೇಲೇ ಓಡಿಸಬೇಕು. ಬೇಸಿಗೆಯಲ್ಲಿ ಬಿಸಿಲೇರೋ ಮುಂಚೆ ಮುಗೀಬೇಕು. ವೇಗ ಕುದುರೆಯದ್ದು, ಗಾಡಿಯದ್ದಲ್ಲ. ಅಜ್ಜಿಯ ಕಾಲು ಪೆಡಲ್ ಮೇಲಿದ್ರೂ ಕಣ್ಣು ಅದರ ಮೂಗಿನ ಹೊಳ್ಳೆ ಮೇಲೇ ಇರುತ್ತೆ. ಓಟ ಮುಗಿದ ಮೇಲೆ ಮತ್ತೆ ನಿಧಾನ ನಡೆಸಿ, ಉಸಿರು ತಹಬಂದಿಗೆ ಬಂದಮೇಲೆ ಬಿಡ್ತಾರೆ.

ಒಂದು ಶನಿವಾರ ಇದೆಲ್ಲ ಮುಗಿಸಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಮಂಡ್ಯ ಕಡೆ ನಮ್ಮೂರು. ಬಿಸ್ಕೆಟ್ ಬಾಯಿಗೆ ಹುಲ್ಲು ಕಡಿಮೆ ಮೇಯಲಿ ಅಂತ ಸಣ್ಣ ತೂತಿರೋ ಬುಟ್ಟಿ ಹಾಕಿದ್ರು. ಅಪ್ಪ ತಕ್ಷಣ ಗುರುತು ಹಿಡಿದ.

“ಲೋ ಮಗ, ಕುಕ್ಕೆ ಯಾಕ್ಲಾ ಹಾಕವ್ರೆ? ಯಾರ್ ಹೊಲ ಮೇದ್ಬುಡ್ತದೆ ಅದು?”

ನಮ್ಮಲ್ಲಿ ಎತ್ತಿಗೆ ಬಾಯಿಕುಕ್ಕೆ ಹಾಕೋದು ಬೆಳೆ ಉಳಿಸೋಕೆ. ಇಲ್ಲಿ ಕುದುರೆಯನ್ನೇ ಉಳಿಸೋಕೆ. ಹೇಳಿದೆ. ಅದಕ್ಕೂ ಶುಗರ್ ಥರದ್ದೇ ಕಾಯಿಲೆ, ಅದಕ್ಕೇ ಓಡಿಸೋದು ಅಂದೆ.

“ಉಳಕ್ಕಾಯ್ತದಾ? ಗಾಡಿ ಕಟ್ಟವ್ರಾ?”

“ಇಲ್ಲಪ್ಪ, ಸುಮ್ನೆ ಓಡ್ಸದು.”

ಅಪ್ಪ ಜೋರಾಗಿ ನಕ್ಕ. ನಾನು ನಗಲಿಲ್ಲ. ಯಾಕಂದ್ರೆ ಅಪ್ಪನಿಗೂ ಶುಗರ್ ಇದೆ. ಹಳ್ಳಿಕಾರ್ ಜೋಡಿ ಮಾರಿ ಟ್ರ್ಯಾಕ್ಟರ್ ಬಾಡಿಗೆಗೆ ಕರೆಸೋಕೆ ಶುರುವಾದ ಮೇಲೆ ಅಪ್ಪನ ಕಾಲಿಗೆ ಕೆಲಸ ಇಲ್ಲ. ಊಟ ಮಾತ್ರ ಉಳೋ ಕಾಲದ್ದೇ, ಎರಡು ಹೊತ್ತೂ ಮುದ್ದೆ, ಮೇಲೆ ಅನ್ನ. ಡಾಕ್ಟ್ರು ದಿನಾ ನಡೀರಿ ಅಂದ್ರೆ, “ಕೆಲ್ಸ ಇಲ್ದೆ ಬೀದಿ ಸುತ್ತುದ್ರೆ ಊರೋರು ಏನಂದಾರು?” ಅನ್ನೋನು. ನಾವು ಬೆಂಗಳೂರಿನ ಪಾರ್ಕುಗಳಲ್ಲಿ ವಾಕಿಂಗ್ ಶೂ ಹಾಕಿ ಸುತ್ತೋರಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಹುಟ್ಟಿದಾಗಿನಿಂದ ಹೊಲಕ್ಕೋ ಸಂತೆಗೋ ಅಂತಲೇ ಹೆಜ್ಜೆ ಇಟ್ಟವನಿಗೆ, ಗುರಿಯಿಲ್ಲದೆ ನಡೆಯೋದು ಸೋಮಾರಿಗಳ ಕೆಲಸ. ಆ ವರ್ಷ ಅಪ್ಪನ ಅಂಗಾಲಲ್ಲಿ ಒಂದು ಗಾಯ ಮೂರು ತಿಂಗಳಾದರೂ ಮಾಯದೆ, ಬೆರಳು ತೆಗೀಬೇಕಾಗಬಹುದು ಅನ್ನೋವರೆಗೂ ಹೋಗಿತ್ತು. ಮಾಯಿತು, ಸದ್ಯ.

ನಗು ನಿಂತಮೇಲೆ ಅಪ್ಪ ಕೇಳಿದ: “ಸುಮ್ನೆ ಓಡಿಸ್ತಾವ್ರೆ ಅಂತ ಅದ್ಕೆ ಗೊತ್ತಾ?”

ಉತ್ತರ ಹೊಳೀಲಿಲ್ಲ. ಅಜ್ಜಿಗೆ ಇಂಗ್ಲಿಷಲ್ಲಿ ಹೇಳಿದೆ. ಅವರು ಹೇಳಿದ್ದಿಷ್ಟು: ಬಯಲಲ್ಲಿ ಬಿಟ್ರೆ ಬಿಸ್ಕೆಟ್ ತಾನಾಗಿ ಓಡಲ್ಲ, ನಿಂತಲ್ಲೇ ಮೇಯುತ್ತೆ. ಪಕ್ಕದಲ್ಲಿ ಏನಾದ್ರೂ ಓಡಿದ್ರೆ ಓಡುತ್ತೆ. ಕುದುರೆ ಗುಂಪಿನ ಪ್ರಾಣಿ, ಜೊತೆಯವರು ಓಡುವಾಗ ಯಾಕೆ ಅಂತ ಕೇಳಲ್ಲ. ಕಾರ್ಟ್ ಅದನ್ನ ಎಳೆಯೋಕಲ್ಲ, ಜೊತೆ ಕೊಡೋಕೆ ಅಂದ್ರು.

ಇದನ್ನ ಅಪ್ಪನಿಗೆ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದ. “ಎತ್ತೂ ಅಷ್ಟೇ ಕಣ್ಲಾ. ಒಂಟಿ ಎತ್ತು ಹೆಜ್ಜೆ ಇಕ್ಕಲ್ಲ” ಅಂದ.

ನಾನು ಆರೋಗ್ಯದ ಭಾಷಣ ಮಾಡೋದು ಅವತ್ತೇ ನಿಲ್ಲಿಸಿದೆ. ಬೇಸಿಗೆಯಲ್ಲಿ ಇಲ್ಲಿ ಸಂಜೆ 7 ಗಂಟೆ ಅಂದ್ರೆ ಊರಲ್ಲಿ ಮಾರನೇ ದಿನ ಬೆಳಗ್ಗೆ 5.30. ಆ ಹೊತ್ತಿಗೆ ನಾನು ನಡೆಯೋಕೆ ಹೊರಟು ಅಪ್ಪನಿಗೆ ಫೋನ್ ಮಾಡ್ತೀನಿ. ಅಪ್ಪ ಫೋನನ್ನು ಅಂಗಿ ಜೇಬಿಗಿಟ್ಟು ಕಾಲುವೆ ಏರಿ ಮೇಲೆ ಹೊರಡ್ತಾನೆ. ಊರವರು ಕೇಳಿದ್ರೆ “ಮಗನ್ತಾವ ಮಾತಾಡಕ್ಕೆ ಸಿಗ್ನಲ್ ಸಿಗಕಿಲ್ಲ, ಅದ್ಕೇ ಬಂದೆ” ಅಂತಾನಂತೆ, ಅವ್ವ ಹೇಳಿದ್ದು. ಮನೆಯೊಳಗೆ ಸಿಗ್ನಲ್ ಚೆನ್ನಾಗೇ ಇದೆ.

ಮಾತು ದೊಡ್ಡದೇನಿಲ್ಲ. ನಾಲೆಗೆ ನೀರು ಬಿಟ್ರಾ, ಕಬ್ಬಿಗೆ ಎಷ್ಟು ರೇಟು, ಯಾರ ಮನೇಲಿ ಮದುವೆ. ಎಷ್ಟೋ ಹೊತ್ತು ಇಬ್ಬರೂ ಏನೂ ಮಾತಾಡಲ್ಲ. ಅಪ್ಪನ ಮೆಟ್ಟಿನ ಸದ್ದು ಕೇಳ್ತಿರುತ್ತೆ, ನನ್ನ ಶೂ ಸದ್ದು ಅವನಿಗೆ ಕೇಳ್ತಿರುತ್ತೇನೋ. ಅದು ನಿಧಾನವಾದ್ರೆ ನಾನೂ ನಿಧಾನ ಮಾಡ್ತೀನಿ. ಭಾನುವಾರ ಬೆಳಗ್ಗೆ ಮಾತ್ರ ಅಪ್ಪ ಫೋನ್ ಎತ್ತಿದ ಕೂಡ್ಲೇ ಕೇಳ್ತಾನೆ: “ಬಿಸ್ಕೆಟ್ಟು ಎಷ್ಟ್ ಸುತ್ತು ಓಡ್ತ್ಲಾ?”