ಟೇಪರಿನ ಲೆಕ್ಕ

ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ; ನಡುವೆ ಎಲ್ಲಿಯೂ ಮೆಟ್ಟಿಲಿಲ್ಲದೆ ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತ ಹೋಗುವ ದುಂಡು ಆಕಾರವನ್ನು ವರ್ಕ್‌ಶಾಪಿನವರಾದ ನಾವು ಟೇಪರ್ ಎನ್ನುತ್ತೇವೆ. ಲೇತಿನಲ್ಲಿ ಇದನ್ನು ಕಡೆಯಲು ಟೇಪರ್ ಅಟ್ಯಾಚ್‌ಮೆಂಟ್ ಎಂಬ ಪ್ರತ್ಯೇಕ ಉಪಕರಣವುಂಟು. ಪುತ್ತೂರು, ಸುಳ್ಯ, ಕಡಬ ಕಡೆಯ ಸಣ್ಣ ವರ್ಕ್‌ಶಾಪುಗಳಲ್ಲಿ ನಾನು ಅದನ್ನು ಕಂಡದ್ದು ಅಪರೂಪ. ಅದಿಲ್ಲದೆ ಕೆಲಸ ಹೇಗೆ ನಡೆಯುತ್ತದೆ, ಶಾಲೆಯಲ್ಲಿ ಕಲಿತ ಗಣಿತವು ಅದರಲ್ಲಿ ಎಲ್ಲಿಯವರೆಗೆ ಜೊತೆಗೆ ಬರುತ್ತದೆ ಎಂಬುದನ್ನು ಓದುಗರಲ್ಲಿ ನಿವೇದಿಸುವುದು ಈ ಬರಹದ ಉದ್ದೇಶ.

ಮಳೆಗಾಲ ಮುಗಿದ ಮೇಲೆ ನಮ್ಮ ಭಾಗದ ಅಡಿಕೆ ತೋಟದ ಜೀವ ಪಂಪಿನಲ್ಲಿದೆ. ಒಂದು ಎಪ್ರಿಲ್ ತಿಂಗಳಲ್ಲಿ ಸುಳ್ಯದ ಕಡೆಯ ಕೃಷಿಕರೊಬ್ಬರು ಮುರಿದ ಪಂಪ್ ಶಾಫ್ಟನ್ನೂ ಅದರ ಕಪ್ಲಿಂಗನ್ನೂ ಗೋಣಿಯಲ್ಲಿ ಸುತ್ತಿ ತಂದರು. "ತೋಟಕ್ಕೆ ನೀರಿಲ್ಲದೆ ನಾಲ್ಕು ದಿನ ಆಯಿತು ಮಾರಾಯ್ರೇ. ಹಳೆಯ ಪಂಪು, ಶಾಫ್ಟು ಎಲ್ಲಿಯೂ ಸಿಗುವುದಿಲ್ಲವಂತೆ" ಎಂದರು. ಹೊಸ ಶಾಫ್ಟನ್ನು ಕಡೆಯುವುದು ಕಷ್ಟವಲ್ಲ. ಕಪ್ಲಿಂಗ್ ಕೂರುವ ತುದಿಯ ಟೇಪರ್ ಮಾತ್ರ ಸರಿಯಾಗಬೇಕು. ಅದು ಪೂರ್ತಿ ಹಿಡಿಯದೆ ಹೋದರೆ ಭಾರವೆಲ್ಲ ಕೀಲಿಯ ಮೇಲೆ ಬಿದ್ದು, ಕಪ್ಲಿಂಗ್ ಸಡಿಲವಾಗಿ, ಪಂಪು ಮತ್ತೆ ನಿಲ್ಲುತ್ತದೆ.

ಉಳಿದಿದ್ದ ಟೇಪರನ್ನು ಅಳೆದೆ. ಉದ್ದ 50 ಮಿಲಿಮೀಟರ್, ದಪ್ಪ ತುದಿ 30, ಸಣ್ಣ ತುದಿ 25. ವ್ಯಾಸಗಳ ಅಂತರ 5. ಅದರ ಅರ್ಧವನ್ನು ಉದ್ದದಿಂದ ಭಾಗಿಸಿದರೆ 0.05. ಇದು ಓರೆಯ ಕೋನದ ಟ್ಯಾನ್; ಕೋಷ್ಟಕ ನೋಡಿದರೆ ಸುಮಾರು 2 ಡಿಗ್ರಿ 52 ಮಿನಿಟು. ಎಂದೋ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ತ್ರಿಕೋನಮಿತಿ ಇಲ್ಲಿ ಒಂದು ತೋಟಕ್ಕೆ ನೀರು ಹರಿಸುವ ಲೆಕ್ಕವಾಯಿತು.

ಅಟ್ಯಾಚ್‌ಮೆಂಟ್ ಇಲ್ಲದವರಿಗೆ ಮೂರು ದಾರಿಗಳಿವೆ. ಟೂಲನ್ನೇ ಓರೆಯಾಗಿ ಸಾಣೆ ಹಿಡಿದು ಒತ್ತುವುದು ಮೊದಲನೆಯದು. ಬಹಳ ಗಿಡ್ಡ ಟೇಪರಿಗೆ ಮಾತ್ರ ಸಲ್ಲುತ್ತದೆ, ಅಗಲವಾದರೆ ಲೇತು ನಡುಗುತ್ತದೆ. ಟೈಲ್‌ಸ್ಟಾಕನ್ನು ಪಕ್ಕಕ್ಕೆ ಸರಿಸುವುದು ಎರಡನೆಯದು. ಉದ್ದವಾದ, ಅಲ್ಪ ಓರೆಯ ಕೆಲಸಕ್ಕೆ ಇದು ಒಳ್ಳೆಯದು. ನಮ್ಮ ಶಾಫ್ಟು 400 ಮಿಲಿಮೀಟರ್ ಉದ್ದವಿದ್ದುದರಿಂದ 20 ಮಿಲಿಮೀಟರ್ ಸರಿಸಬೇಕಾಗುತ್ತಿತ್ತು. ಅಷ್ಟಾದರೆ ಸೆಂಟರುಗಳು ರಂಧ್ರದಲ್ಲಿ ಸರಿಯಾಗಿ ಕೂರುವುದಿಲ್ಲ. ಉಳಿದದ್ದು ಕಾಂಪೌಂಡ್ ರೆಸ್ಟನ್ನು ಓರೆಯಾಗಿ ತಿರುಗಿಸಿ, ಅದರ ಹಿಡಿಯನ್ನು ಕೈಯಿಂದಲೇ ತಿರುಗಿಸುತ್ತ ಕಡೆಯುವ ಮೂರನೆಯ ದಾರಿ.

ಆದರೆ ಅದರ ಬುಡದ ಗೆರೆಗಳು ಡಿಗ್ರಿಯನ್ನು ತೋರಿಸುತ್ತವೆಯೇ ಹೊರತು 52 ಮಿನಿಟನ್ನು ತೋರಿಸುವುದಿಲ್ಲ. ಆದುದರಿಂದ ಟೂಲಿನ ಜಾಗದಲ್ಲಿ ಡಯಲ್ ಗೇಜನ್ನು ಕಟ್ಟಿ, ಅದರ ಮೊನೆಯನ್ನು ಓರೆಯಿಲ್ಲದ ಒಂದು ಸರಳಿಗೆ ತಾಗಿಸಿದೆ. ಕಾಂಪೌಂಡ್ 40 ಮಿಲಿಮೀಟರ್ ಚಲಿಸುವಾಗ ಮುಳ್ಳು 2 ಮಿಲಿಮೀಟರ್ ಚಲಿಸಬೇಕು. ಹಾಗೆ ಆಗುವವರೆಗೆ ಮೆಲ್ಲನೆ ತಟ್ಟಿ ಕೂರಿಸಿದೆ. ಟೂಲಿನ ಮೊನೆಯನ್ನು ಸೆಂಟರಿನ ಎತ್ತರಕ್ಕೇ ಇಟ್ಟೆ. ಅದು ತಪ್ಪಿದರೆ ಟೇಪರಿನ ಮೈ ನೇರವಾಗದೆ ಬಾಗುತ್ತದೆ.

ಲೆಕ್ಕದ ಜೊತೆ ಇಲ್ಲಿಗೆ ಮುಗಿಯುತ್ತದೆ. ಹಳೆಯ ಕಪ್ಲಿಂಗು ಸವೆದಿರುತ್ತದೆ. ಅದರ ರಂಧ್ರಕ್ಕೆ ನಮ್ಮ ಕೋಷ್ಟಕದ ಪರಿಚಯವಿಲ್ಲ. ಅಳತೆಗಿಂತ ತುಸು ದಪ್ಪವಾಗಿಯೇ ಕಡೆದು, ಶಾಫ್ಟಿನ ಮೇಲೆ ಉದ್ದಕ್ಕೆ ಪ್ರಷ್ಯನ್ ಬ್ಲೂ ಬಣ್ಣದ ಮೂರು ಗೆರೆ ಎಳೆದು, ಕಪ್ಲಿಂಗನ್ನು ಕೂರಿಸಿ ಸ್ವಲ್ಪ ತಿರುಗಿಸಿ ತೆಗೆಯಬೇಕು. ಬಣ್ಣ ದಪ್ಪ ತುದಿಯಲ್ಲಿ ಮಾತ್ರ ಉಜ್ಜಿದ್ದರೆ ಓರೆ ಹೆಚ್ಚು, ಸಣ್ಣ ತುದಿಯಲ್ಲಿ ಮಾತ್ರ ಉಜ್ಜಿದ್ದರೆ ಓರೆ ಕಡಿಮೆ. ಈ ಟೇಪರಿನಲ್ಲಿ ವ್ಯಾಸದಿಂದ 0.1 ಮಿಲಿಮೀಟರ್ ತೆಗೆದರೆ ಕಪ್ಲಿಂಗು 1 ಮಿಲಿಮೀಟರ್ ಒಳಗೆ ಸರಿಯುತ್ತದೆ. ಆದುದರಿಂದ ಕೊನೆಯ ಹೊಡೆತಗಳಲ್ಲಿ ಆತುರ ಸಲ್ಲದು. ಮೂರನೆಯ ಪರೀಕ್ಷೆಯಲ್ಲಿ ಬಣ್ಣವು ಉದ್ದಕ್ಕೂ ಸಮವಾಗಿ ಉಜ್ಜಿತು. ಮರುದಿನ ಆ ತೋಟಕ್ಕೆ ನೀರು ಹೋಯಿತು.

1941ರಲ್ಲಿ ಆರಂಭವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆ ಮುಚ್ಚಿಹೋಗಿದೆ. ಇಂದಿನ ಸಿ.ಎನ್.ಸಿ. ಯಂತ್ರಕ್ಕೆ ಟೇಪರ್ ಎಂದರೆ ಎರಡು ಬಿಂದುಗಳನ್ನು ತಿಳಿಸುವ ಕೆಲಸ ಮಾತ್ರ. ಅದು ಪ್ರಗತಿಯೇ ಸರಿ. ಆದರೆ ಸವೆದ ಒಂದು ಕಪ್ಲಿಂಗಿಗೆ ಹೊಂದುವ ಒಂದೇ ಒಂದು ಶಾಫ್ಟಿಗೆ ಕೈಯ ಲೇತೇ ಇಂದಿಗೂ ಹತ್ತಿರದ ದಾರಿ. ಗಣಿತದ ಅಧ್ಯಾಪಕರು ಟ್ಯಾನ್ ಕಲಿಸುವ ದಿನ ಮಕ್ಕಳನ್ನು ಊರಿನ ವರ್ಕ್‌ಶಾಪಿಗೊಮ್ಮೆ ಕರೆತರಲಿ. ಶಾಲೆಗೆ ನೆರವಾಗಬಯಸುವ ದಾನಿಗಳಲ್ಲಿಯೂ ಒಂದು ವಿನಂತಿ: ದೊಡ್ಡ ಯಂತ್ರವೇ ಆಗಬೇಕೆಂದಿಲ್ಲ, ಒಂದು ಡಯಲ್ ಗೇಜ್, ಒಂದು ಡಬ್ಬಿ ನೀಲಿ ಬಣ್ಣ ಸಾಕು. ಲೆಕ್ಕ ಎಲ್ಲಿ ಮುಗಿಯುತ್ತದೆ, ಪರೀಕ್ಷಿಸಿ ನೋಡುವುದು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಮಕ್ಕಳು ಅವುಗಳಿಂದಲೇ ಕಲಿಯಬಲ್ಲರು.