ನನಗೇನೂ ಚಳಿಯಿಲ್ಲ

ಯಾವ ಬಣ್ಣ ಇಷ್ಟ, ಯಾವ ಬಗೆಯ ಉಡುಗೆ ಒಪ್ಪುತ್ತದೆ ಎಂದು ಮಕ್ಕಳನ್ನೇ ಕೇಳಿ ಬಟ್ಟೆ ಕೊಡಿಸುವ ಕಾಲವಿದು. ಅದು ಒಳ್ಳೆಯದೇ. ಆದರೆ 1960ರ ದಶಕದಲ್ಲಿ ಚಳ್ಳಕೆರೆ ಸೀಮೆಯ ಹಳ್ಳಿಯೊಂದರಲ್ಲಿ ಬೆಳೆದ ನಮ್ಮನ್ನು ಆ ಪ್ರಶ್ನೆಯನ್ನು ಯಾರೂ ಕೇಳಿದ್ದಿಲ್ಲ. ಅದರಲ್ಲೂ ಚಳಿಗಾಲದ ಉಡುಪಿನ ವಿಷಯದಲ್ಲಿ ನಮ್ಮ ಮನೆಯಲ್ಲಿದ್ದ ಪ್ರಶ್ನೆಯೇ ಬೇರೆ. ಹೊದೆಯಲು ಇರುವುದು ಇಷ್ಟು. ಈ ರಾತ್ರಿ ಇದು ಯಾರಿಗೆ?

ಬಯಲುಸೀಮೆಯವರಿಗೆ ಅದೆಂಥ ಚಳಿ ಎಂದು ಮಲೆನಾಡಿನ ನಮ್ಮ ನೆಂಟರು ನಗುವುದುಂಟು. ಮುಂದೆ ವಿಜ್ಞಾನ ಕಲಿಸುವಾಗ ಇದಕ್ಕೆ ಉತ್ತರ ಕೊಡುವ ಅವಕಾಶ ನನಗೆ ಅನೇಕ ಬಾರಿ ಒದಗಿತು. ಒಣಹವೆ, ಮೋಡವಿಲ್ಲದ ಆಕಾಶ. ಹಗಲೆಲ್ಲ ಕಾದ ನೆಲ ರಾತ್ರಿಯಾದೊಡನೆ ತನ್ನ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಮಧ್ಯಾಹ್ನ ಬೆವರು ಸುರಿಸಿದ ಊರು ಬೆಳಗಿನ ಜಾವಕ್ಕೆ ಗಡಗಡ ನಡುಗುತ್ತಿತ್ತು. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಸೀಸೆಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತಿತ್ತು. ತುಟಿ, ಹಿಮ್ಮಡಿಗಳು ಒಡೆಯುತ್ತಿದ್ದವು. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಓಡಿಹೋಗುವುದೆಂಬ ಮಾತನ್ನು ನಂಬಿ ದಿನ ಎಣಿಸುತ್ತಿದ್ದೆವು.

ನಮ್ಮ ಮನೆಯಲ್ಲಿದ್ದುದು ಎರಡು ಕಂಬಳಿ, ಮೂರು ದುಪ್ಪಟಿ, ಒಂದು ಸ್ವೆಟರು. ಕಂಬಳಿಗಳಲ್ಲಿ ಒಂದು ಅಜ್ಜಿಯದು. ಇನ್ನೊಂದು ಅಪ್ಪನದು, ಆದರೆ ಶೇಂಗಾ ಕಿತ್ತ ದಿನಗಳಿಂದ ರಾಗಿ ಒಕ್ಕಣೆ ಮುಗಿಯುವವರೆಗೆ ಅದು ಮನೆಯಲ್ಲಿ ಇರುತ್ತಲೇ ಇರಲಿಲ್ಲ. ರಾತ್ರಿ ರಾಶಿ ಕಾಯಲು ಅಪ್ಪ ಕಣಕ್ಕೆ ಹೋಗುವಾಗ ಕಂಬಳಿಯನ್ನು ಕೊಪ್ಪೆ ಹಾಕಿಕೊಂಡು ಹೊರಡುತ್ತಿದ್ದರು. ದುಪ್ಪಟಿಗಳು ಮಕ್ಕಳಾದ ನಮ್ಮ ನಾಲ್ವರದು. ತೊಟ್ಟಿಲಲ್ಲಿದ್ದ ತಮ್ಮನಿಗೆ ಅಜ್ಜಿ ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ ಕುಲಾವಿ ಹೊಲಿದಿದ್ದಳು. ಕಿವಿ ಮುಚ್ಚಿದರೆ ಅರ್ಧ ಚಳಿ ಹೋಯಿತು ಎಂಬುದು ಅವಳ ಸಿದ್ಧಾಂತ. ನಮಗೂ ಶಾಲೆಗೆ ಹೊರಡುವ ಮೊದಲು ಅಪ್ಪನ ಹಳೆಯ ಟವೆಲನ್ನು ತಲೆಯ ಮೇಲಿಂದ ಗದ್ದದ ಕೆಳಗೆ ಬಿಗಿದು ಕಟ್ಟುತ್ತಿದ್ದಳು. ಊರ ಬಾಗಿಲು ದಾಟಿದೊಡನೆ ನಾವು ಅದನ್ನು ಬಿಚ್ಚಿ ಚೀಲಕ್ಕೆ ತುರುಕುತ್ತಿದ್ದೆವು ಎಂಬುದು ಅವಳಿಗೆ ತಿಳಿದಿತ್ತೆಂದೇ ನನ್ನ ಊಹೆ.

ಕಂಬಳಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಚಳ್ಳಕೆರೆಯ ಕಂಬಳಿ ನಾಡಿಗೇ ಹೆಸರಾದದ್ದು. ನಮ್ಮ ಸೀಮೆಯ ಕುರಿಯ ಒರಟು ಕಪ್ಪು ಉಣ್ಣೆಯನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸುತ್ತಿದ್ದರು. ಕುರುಬರ ಮನೆಗಳಲ್ಲಿ ಹೆಂಗಸರು ಅದನ್ನು ಹಿಂಜಿ ನೂಲುತ್ತಿದ್ದರು. ಹುಣಸೆ ಬೀಜದ ಗಂಜಿ ಕುಡಿಸಿ ಬಿಗಿಯಾದ ನೂಲನ್ನು ಗಂಡಸರು ಗುಂಡಿಮಗ್ಗದಲ್ಲಿ ನೇಯುತ್ತಿದ್ದರು. ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುತ್ತಿತ್ತು. ತುಂತುರು ಮಳೆಗೆ ಹೊದ್ದರೂ ಒಳಗೆ ಮೈ ಬೆಚ್ಚಗಿರುತ್ತಿತ್ತು. ಏಕೆಂದರೆ ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ.

ಮಕ್ಕಳಾದ ನಮಗೆ ಇದಾವುದೂ ಬೇಕಿರಲಿಲ್ಲ. ಕಂಬಳಿ ಚುಚ್ಚುತ್ತಿತ್ತು, ಕುರಿಯ ವಾಸನೆ ಬರುತ್ತಿತ್ತು. ನಮ್ಮ ಕಣ್ಣೆಲ್ಲ ಇದ್ದುದು ಆ ಒಂದು ಸ್ವೆಟರಿನ ಮೇಲೆ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಚಿಕ್ಕಪ್ಪ ತಂದುಕೊಟ್ಟಿದ್ದ ಕೆಂಪು ಬಣ್ಣದ ಸ್ವೆಟರದು. ಮೊದಲು ಅಣ್ಣನದಾಗಿ, ಮೂರು ವರ್ಷ ಕಳೆದು ನನ್ನದಾಗಿ, ಮೊಣಕೈಯಲ್ಲಿ ನೀಲಿ ನೂಲಿನ ತೇಪೆ ಬಿದ್ದ ಮೇಲೆ ತಂಗಿಯದಾಗಿ, ಕೊನೆಗೆ ತೋಳು ಕತ್ತರಿಸಿಕೊಂಡು ತಮ್ಮನ ಮೈಸೇರಿತು. ನನ್ನ ಸರದಿ ಬಂದ ವರ್ಷ ಚಳಿ ಶುರುವಾಗುವ ಮೊದಲೇ, ದಸರೆಯ ಬಿಸಿಲಿನಲ್ಲಿ, ನಾನು ಅದನ್ನು ತೊಟ್ಟು ಊರೆಲ್ಲ ಸುತ್ತಿದ್ದೆ.

ಈ ಹಂಚಿಕೆಯಲ್ಲಿ ಅವ್ವನ ಹೆಸರು ಬರಲಿಲ್ಲವೆಂಬುದನ್ನು ನೀವು ಗಮನಿಸಿರಬೇಕು. ಅವಳಿಗೆಂದು ಇದ್ದುದು ಸೀರೆಯ ಸೆರಗು ಮಾತ್ರ. ನಸುಕಿನಲ್ಲಿ ಎದ್ದು ಅಂಗಳ ಗುಡಿಸಿ, ತಣ್ಣೀರಿನಲ್ಲಿ ಸಾರಿಸಿ, ಒಲೆ ಹಚ್ಚುವವಳು ಅವಳೇ. ದುಪ್ಪಟಿಯೊಳಗಿಂದ ನಾವು ಯಾರಾದರೂ “ಅವ್ವಾ, ನೀನೂ ಬಾ” ಎಂದರೆ, “ನಂಗೇನ್ ಚಳಿಯಿಲ್ಲ, ನೀವು ಸರಿಯಾಗಿ ಹೊದ್ಕಳ್ರಿ” ಎನ್ನುತ್ತಿದ್ದಳು. ಆ ಮಾತನ್ನು ಅವಳು ಎಷ್ಟು ಸಹಜವಾಗಿ ಹೇಳುತ್ತಿದ್ದಳೆಂದರೆ, ದೊಡ್ಡವರಾದ ಮೇಲೆ ಹೆಂಗಸರಿಗೆ ಚಳಿಯಾಗುವುದಿಲ್ಲವೆಂದು ನಾನು ಬಹುಕಾಲ ತಿಳಿದಿದ್ದೆ. ಶೇಂಗಾ ಹೊಟ್ಟಿನ ಬೆಂಕಿಯ ಸುತ್ತ ನಾವೆಲ್ಲ ಕುಳಿತಾಗ ಎಲ್ಲರಿಗಿಂತ ಹತ್ತಿರಕ್ಕೆ ಅವಳೇ ಅಂಗೈ ಚಾಚುತ್ತಿದ್ದುದನ್ನು ಕಂಡಿದ್ದರೂ, ಎರಡನ್ನೂ ಕೂಡಿಸಿ ನೋಡುವಷ್ಟು ವಯಸ್ಸು ನಮ್ಮದಾಗಿರಲಿಲ್ಲ.

ಅಭಿರುಚಿ ಎಂಬುದು ನನ್ನ ಬದುಕಿನಲ್ಲಿ ಬಂದುದು ಕಾಲೇಜಿನ ದಿನಗಳಲ್ಲಿ, 1970ರ ದಶಕದ ಕೊನೆಗೆ. 1960ರ ದಶಕದಲ್ಲಿ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಗೊಂಡಿದ್ದ ಟಿಬೆಟನ್ನರು ಚಳಿಗಾಲದಲ್ಲಿ ನಮ್ಮ ಪಟ್ಟಣಗಳಿಗೆ ಬಂದು ರಸ್ತೆಬದಿಯಲ್ಲಿ ಸ್ವೆಟರುಗಳ ಸಾಲಂಗಡಿ ಹಾಕುತ್ತಿದ್ದರು. ಅಷ್ಟೊಂದು ಬಣ್ಣಗಳನ್ನು ಒಟ್ಟಿಗೆ ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಬಿ.ಇಡಿ. ಮುಗಿಸಿ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ಅಲ್ಲಿಂದ ಕೊಂಡದ್ದು ಅವ್ವನಿಗೊಂದು ಬೂದುಬಣ್ಣದ ಶಾಲು. “ಇದೆಲ್ಲ ಯಾಕೆ ಬೇಕಿತ್ತು, ನಂಗೇನ್ ಚಳಿನಾ?” ಎಂದಳು. ಆ ಚಳಿಗಾಲ ಮುಗಿಯುವವರೆಗೆ ಒಂದು ದಿನವೂ ಅದನ್ನು ಹೆಗಲಿನಿಂದ ಇಳಿಸಲಿಲ್ಲ.

ಅದೇ ಮಾತನ್ನು ಮತ್ತೊಮ್ಮೆ ಕೇಳಿದ್ದು ತರಗತಿಯಲ್ಲಿ. 1990ರ ದಶಕದಲ್ಲಿ ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯೊಂದರಲ್ಲಿ ಕಡುನೀಲಿ ಸ್ವೆಟರನ್ನು ಬಿಟ್ಟು ಬೇರೇನನ್ನೂ ಸಮವಸ್ತ್ರದ ಮೇಲೆ ಧರಿಸಬಾರದೆಂಬ ನಿಯಮವಿತ್ತು. ಕುರಿಹಟ್ಟಿಯಿಂದ ಮೂರು ಮೈಲಿ ನಡೆದು ಬರುತ್ತಿದ್ದ ಎಂಟನೆಯ ತರಗತಿಯ ಹುಡುಗನೊಬ್ಬ ತಾತನ ಕಂಬಳಿ ಹೊದ್ದು ಬರುತ್ತಿದ್ದ. ಅದನ್ನು ಗೇಟಿನ ಬಳಿಯೇ ತೆಗೆದಿಡಬೇಕಾಗಿತ್ತು. ತೆಳುವಾದ ಅಂಗಿಯಲ್ಲಿ ಮೊದಲ ಪೀರಿಯಡ್ಡಿನಲ್ಲಿ ಅವನ ಕೈ ನಡುಗಿ ಅಕ್ಷರಗಳು ಸೊಟ್ಟಗಾಗುತ್ತಿದ್ದವು. ವಿಚಾರಿಸಿದರೆ, “ನಂಗೆ ಚಳಿ ಆಗಲ್ಲ ಮಿಸ್” ಎಂದ. ಆ ದನಿ ನನಗೆ ಹೊಸದಾಗಿರಲಿಲ್ಲ.

ಶಿಕ್ಷಕರ ಸಭೆಯಲ್ಲಿ ನಾನು ಈ ವಿಷಯ ಎತ್ತಿದೆ. ಶಿಸ್ತು ಮುಖ್ಯ ಎಂದರು ಕೆಲವರು. ಶಿಸ್ತು ಬೇಡವೆಂದು ನಾನೂ ಹೇಳಲಿಲ್ಲ. ಬಡವ-ಶ್ರೀಮಂತರ ಭೇದ ಕಾಣದಿರಲೆಂದಲ್ಲವೆ ಸಮವಸ್ತ್ರ ಬಂದದ್ದು? ಸರ್ಕಾರ ಕೊಡುತ್ತಿದ್ದ ಸಮವಸ್ತ್ರದಲ್ಲಿ ಸ್ವೆಟರು ಇರಲಿಲ್ಲ. ಹಾಗಿರುವಾಗ ಒಂದೇ ಬಣ್ಣದ ಸ್ವೆಟರಿನ ನಿಯಮ ಆ ಭೇದವನ್ನು ಮುಚ್ಚುವುದಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಮಾಡುತ್ತದೆ. ಚರ್ಚೆಯ ಕೊನೆಗೆ ಮುಖ್ಯೋಪಾಧ್ಯಾಯರು ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಯಾವ ಬಣ್ಣದ ಸ್ವೆಟರಾದರೂ ಆಗಬಹುದೆಂದರು. ಕಂಬಳಿಯ ಮಾತನ್ನು ಯಾರೂ ಆಡಲಿಲ್ಲ.

ಆ ವಾರ ನನ್ನ ಪಾಠ ಶಾಖದ ಪ್ರಸರಣ. ಪೇಟೆಯ ಐಸ್‌ಕ್ಯಾಂಡಿ ಅಂಗಡಿಯಿಂದ ಒಂದೇ ಅಳತೆಯ ಎರಡು ಮಂಜುಗಡ್ಡೆ ತರಿಸಿ, ಆ ಹುಡುಗನ ಕಂಬಳಿಯನ್ನು ಕೇಳಿ ಪಡೆದೆ. ಒಂದು ಗಡ್ಡೆಯನ್ನು ತಟ್ಟೆಯಲ್ಲಿ ಹಾಗೆಯೇ ಇಟ್ಟು, ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿಟ್ಟೆವು. ಯಾವುದು ಮೊದಲು ಕರಗುತ್ತದೆ ಎಂದು ಕೇಳಿದರೆ, ಕಂಬಳಿ ಬಿಸಿಯಲ್ಲವೆ, ಅದರೊಳಗಿನದೇ ಎಂದು ತರಗತಿಗೆ ತರಗತಿಯೇ ಕೂಗಿತು. ಪೀರಿಯಡ್ಡಿನ ಕೊನೆಗೆ ಬಿಚ್ಚಿ ನೋಡಿದಾಗ ಸುತ್ತಿಟ್ಟ ಗಡ್ಡೆ ಹೆಚ್ಚು ಸವೆದಿರಲಿಲ್ಲ. ತಟ್ಟೆಯದು ಅರ್ಧ ನೀರಾಗಿತ್ತು. ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ ಎಂದು ವಿವರಿಸಿದೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಒಳಗೂ ಬಿಡದು, ಹೊರಗೂ ಬಿಡದು. ನಾವು ಅನುಭವಿಸುವ ಬಿಸಿ ನಮ್ಮ ಮೈಯದೇ, ಕಂಬಳಿ ಅದನ್ನು ಕಾಯುತ್ತದೆ ಅಷ್ಟೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಕಂಬಳಿಯನ್ನು ಮುಟ್ಟಿ ನೋಡಿದರು. ಮರುದಿನ ಆ ಹುಡುಗ ಅದನ್ನು ಗೇಟಿನಲ್ಲಿ ಬಿಡದೆ ಮಡಿಚಿ ಕಂಕುಳಲ್ಲಿಟ್ಟುಕೊಂಡು ತರಗತಿಗೆ ತಂದ. ಯಾರೂ ನಗಲಿಲ್ಲ, ತಡೆಯಲೂ ಯಾರೂ ಬರಲಿಲ್ಲ.

ಈಗ ನಮ್ಮ ಸೀಮೆಯಲ್ಲಿ ಕುರಿ ಸಾಕುವವರು ಬಹುಮಟ್ಟಿಗೆ ಸಾಕುವುದು ಮಾಂಸಕ್ಕಾಗಿ. ಅಗ್ಗದ, ಹಗುರವಾದ ರಗ್ಗುಗಳು ಬಂದಮೇಲೆ ಕಂಬಳಿಯನ್ನು ಕೇಳುವವರು ಕಡಿಮೆ. ಶುಭಕಾರ್ಯಗಳಲ್ಲಿ ಗದ್ದುಗೆಗೆ ಕಂಬಳಿ ಹಾಸುವ ಪದ್ಧತಿ ಮಾತ್ರ ಅನೇಕ ಮನೆಗಳಲ್ಲಿ ಉಳಿದಿದೆ. ದೇವರಿಗೆ, ಮದುಮಕ್ಕಳಿಗೆ ಆಗುವ ಕಂಬಳಿ ಶಾಲೆಗೆ ಹೋಗುವ ಮಗುವಿಗೆ ನಾಚಿಕೆಯ ವಸ್ತುವಾದದ್ದು ಹೇಗೆಂದು ನಾನು ಹಲವು ಸಲ ಯೋಚಿಸಿದ್ದೇನೆ. ಇಷ್ಟವೆಂದು ನಾವು ತಿಳಿಯುವುದರಲ್ಲಿ ಬಹುಪಾಲು ನಮ್ಮದಲ್ಲ. ನಾಲ್ಕು ಜನರ ಕಣ್ಣಿನಲ್ಲಿ ನಾವು ಹೇಗೆ ಕಾಣುತ್ತೇವೆ ಎಂಬ ಅಳುಕಿನಿಂದ ಹುಟ್ಟಿದ್ದು.

ಹಿಮ ಬೀಳುವ ದೇಶಗಳಲ್ಲಿರುವ ನನ್ನ ಶಿಷ್ಯರು, ಅಣ್ಣ-ತಮ್ಮಂದಿರ ಮಕ್ಕಳು ದಪ್ಪ ಕೋಟಿನ ಕೆಳಗೆ ಪದರ ಪದರವಾಗಿ ಬಟ್ಟೆ ತೊಟ್ಟ ಚಿತ್ರಗಳನ್ನು ಕಳಿಸುತ್ತಾರೆ. ಕಿವಿ ಮುಚ್ಚಿದೆಯೇ ಎಂದು ಮೊದಲು ನೋಡುತ್ತೇನೆ, ಅಜ್ಜಿಯ ಅಭ್ಯಾಸ. ನೀವೆಲ್ಲ ಬೆಚ್ಚಗಿದ್ದೀರಿ, ನಿಮಗೆ ಒಪ್ಪುವ ಬಣ್ಣ ಆರಿಸಿಕೊಳ್ಳುವ ಸ್ಥಿತಿಯಲ್ಲಿದ್ದೀರಿ. ಅದು ನನಗೆ ಸಂತೋಷದ ಸಂಗತಿ. ಒಂದೇ ಒಂದು ಮಾತು ಹೇಳುವುದಿದೆ. ನಿಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಬೆಳಗಿನ ಜಾವ ಹಾಲು ಪತ್ರಿಕೆ ತಂದು ಹಾಕುವವರಲ್ಲಿ ಯಾರಾದರೂ ತನಗೇನೂ ಚಳಿಯಿಲ್ಲವೆಂದರೆ ಆ ಮಾತನ್ನು ಒಡನೆಯೇ ನಂಬಬೇಡಿ. ಒಮ್ಮೆ ಅವರ ಕೈಗಳನ್ನು ನೋಡಿ.